ಬೀಗ ಹಾಕಿದ ಮನೆಯಲ್ಲಿ ನಾಯಿಮರಿ

ನಾಯಿಮರಿಯೊಂದನ್ನು ಮನೆಗೆ ತಂದವರಲ್ಲಿ ಬಹುಮಂದಿಗೆ ಮೊದಲನೆಯ ವಾರದಲ್ಲಿಯೇ ಒಂದು ಪ್ರಶ್ನೆ ಎದುರಾಗುತ್ತದೆ. ಮನೆಯವರೆಲ್ಲರೂ ಕೆಲಸಕ್ಕೆ ಹೊರಟುಹೋದಾಗ ಈ ಪ್ರಾಣಿಯನ್ನು ಮಾಡುವುದೇನು? ಬಾಗಿಲಿಗೆ ಬೀಗ ಬಿದ್ದೊಡನೆ ಅದು ಕೂಗಲಾರಂಭಿಸುತ್ತದೆ, ಬಾಗಿಲನ್ನು ಕೆರೆಯುತ್ತದೆ, ಕಂಡಲ್ಲಿ ಉಚ್ಚೆ ಹೊಯ್ಯುತ್ತದೆ, ಸಂಜೆ ಬಂದು ನೋಡಿದರೆ ಚಪ್ಪಲಿ, ಹಾಸಿಗೆ, ಪುಸ್ತಕ ಇವುಗಳಲ್ಲಿ ಯಾವುದೋ ಒಂದು ಚೂರುಚೂರಾಗಿ ಬಿದ್ದಿರುತ್ತದೆ. ನೆರೆಯವರು ಮೊದಲು ನಗುತ್ತಾರೆ, ಆಮೇಲೆ ದೂರುತ್ತಾರೆ. ಕೊನೆಗೆ ಮರಿಯನ್ನು ಯಾರಿಗೋ ದಾಟಿಸುವುದು, ಇಲ್ಲವೆ ಊರಾಚೆ ಬಿಟ್ಟುಬರುವುದು, ಇಲ್ಲವೆ ಬೆಳಗಿನಿಂದ ಸಂಜೆಯವರೆಗೆ ಸರಪಳಿಯಲ್ಲಿ ಬಿಗಿದಿಡುವುದು, ಇವಿಷ್ಟೇ ಮಾರ್ಗಗಳೆಂದು ತೋರುತ್ತದೆ. ಈ ಮೂರನ್ನೂ ನಾವು ನಮ್ಮ ಬೀದಿಯಲ್ಲಿಯೇ ಕಂಡಿದ್ದೇವೆ. ನಾಲ್ಕನೆಯ ಮಾರ್ಗವೊಂದುಂಟು. ಅದು ಪ್ರಾಣಿಶಾಸ್ತ್ರಜ್ಞರಿಗೆ ಹೊಸದಲ್ಲವಾದರೂ ನಮಗೆ ಹೊಸದಾಗಿತ್ತು. ಅದನ್ನು ಅರಿಯುವ ಮೊದಲು ಒಂದು ತಪ್ಪು ಪ್ರಯೋಗವನ್ನು ಮಾಡಿ ಕೈ ಸುಟ್ಟುಕೊಂಡೆವು. ಆ ಪ್ರಯೋಗದ ಫಲಿತಾಂಶವನ್ನು ಮುಚ್ಚಿಡುವುದು ವಿಜ್ಞಾನವನ್ನು ಬೋಧಿಸುವವರಿಗೆ ಸಲ್ಲದು.

ನಮ್ಮ ವಾಸ ಶಿಕಾರಿಪುರದಲ್ಲಿ, ಉದ್ಯೋಗ ಸೊರಬದಲ್ಲಿ. ಬೆಳಿಗ್ಗೆ ಎಂಟೂವರೆಯ ಬಸ್ಸಿನಲ್ಲಿ ಹೊರಟು ಶಿರಾಳಕೊಪ್ಪವನ್ನು ಹಾದು ಸೊರಬ ಸೇರಿ, ಕಾಲೇಜಿನ ಮಕ್ಕಳಿಗೆ ಭೌತಶಾಸ್ತ್ರವನ್ನು ಹೇಳಿ, ಸಂಜೆ ಐದೂವರೆಯ ಹೊತ್ತಿಗೆ ಮರಳಿ ಮನೆ ಕಾಣುವುದು ನಿತ್ಯದ ಕ್ರಮ. ನಮ್ಮ ಪತ್ನಿಯೂ ಹಳ್ಳಿಯೊಂದರ ಶಾಲೆಯಲ್ಲಿ ಶಿಕ್ಷಕಿ. ಒಂಬತ್ತು ಗಂಟೆಯಿಂದ ಐದು ಗಂಟೆಯವರೆಗೆ ಮನೆಗೆ ಬೀಗ. ಇಂಥ ಮನೆಗೆ ನಾಯಿಮರಿಯನ್ನು ತರುವುದು ವಿವೇಕದ ಕೆಲಸವಾಗಿರಲಿಲ್ಲವೆಂದು ಮೊದಲೇ ಒಪ್ಪಿಕೊಳ್ಳುತ್ತೇವೆ. ಆದರೆ ಮರಿ ನಮ್ಮನ್ನು ಕೇಳಿ ಬರಲಿಲ್ಲ. ಸೊರಬದ ಕಾಲೇಜಿನ ಹಿಂದಿನ ಹುಲ್ಲುಬಣವೆಯ ಬುಡದಲ್ಲಿ ಬೀದಿನಾಯಿಯೊಂದು ನಾಲ್ಕು ಮರಿ ಹಾಕಿತ್ತು. ತಾಯಿ ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತಿತು. ಎರಡು ವಾರಗಳಲ್ಲಿ ನಾಲ್ಕು ಮರಿಗಳು ಒಂದಾದವು. ಕಲ್ಕತ್ತೆಯ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಮತ್ತು ಅವರ ಸಂಗಡಿಗರು ಬೀದಿನಾಯಿಗಳನ್ನು ಬಹುಕಾಲದಿಂದ ಅಭ್ಯಸಿಸುತ್ತ ಬಂದಿದ್ದಾರೆ. ಅವರು 2016ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 95 ಸೂಲುಗಳಲ್ಲಿ ಹುಟ್ಟಿದ 364 ಮರಿಗಳ ಪೈಕಿ ಪ್ರಾಯಕ್ಕೆ ಬಂದು ಉಳಿದವು ನೂರಕ್ಕೆ 19 ಮಾತ್ರ. ಸಾವುಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಮನುಷ್ಯನ ದೆಸೆಯಿಂದ ಆದವು. ಈ ಅಂಕಿಗಳನ್ನು ಓದಿದ್ದವರು ಉಳಿದೊಂದು ಮರಿಯನ್ನು ನೋಡಿಕೊಂಡು ಸುಮ್ಮನೆ ಬಸ್ಸು ಹತ್ತಲಾರರು. ಬಟ್ಟೆಯ ಚೀಲದಲ್ಲಿ ಕುಳಿತು ಅದು ಶಿಕಾರಿಪುರಕ್ಕೆ ಬಂದಿತು. ಸುಮಾರು ಎರಡು ತಿಂಗಳ ಹೆಣ್ಣುಮರಿ, ಮೈಯೆಲ್ಲ ಕಪ್ಪು.

ಕಾಳಿ ಎಂದು ಹೆಸರಿಟ್ಟೆವು. ಬಣ್ಣ ಒಂದು ಕಾರಣವಾದರೆ ಇತಿಹಾಸ ಇನ್ನೊಂದು. ಸುಮಾರು ಕ್ರಿ. ಶ. 950ರ ಆತಕೂರಿನ ಶಾಸನವನ್ನು ವಾಚಕರು ಕೇಳಿರಬಹುದು. ಗಂಗರ ಬೂತುಗನ ಸೇವೆಯಲ್ಲಿದ್ದ ಮಣಲೆರನೆಂಬ ವೀರನು ಯುದ್ಧದಲ್ಲಿ ತೋರಿದ ಸಾಹಸಕ್ಕೆ ಮೆಚ್ಚಿ ಬೇಕಾದುದನ್ನು ಕೇಳೆಂದಾಗ, ಅವನು ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದಕ್ಕೊಂದು ಕಲ್ಲನ್ನು ನೆಡಿಸಿದರು. ವೀರಗಲ್ಲುಗಳಿಗೆ ಬಡತನವಿಲ್ಲದ ನಮ್ಮ ಶಿಕಾರಿಪುರ ಸೊರಬಗಳ ಸೀಮೆಯವರಿಗೆ ನಾಯಿಯ ವೀರಗಲ್ಲೆಂದರೆ ವಿಚಿತ್ರವೆನಿಸಲಾರದು. ಶಿಕಾರಿಪುರವೆಂಬ ಹೆಸರೇ ಇಲ್ಲಿನ ಬೇಟೆಯ ಸಮೃದ್ಧಿಯಿಂದ ಬಂದುದೆಂದು ಹಳೆಯ ಗೆಜೆಟಿಯರಿನ ಹೇಳಿಕೆ.

ಈ ಮಾತನ್ನು ಇಲ್ಲಿ ತಂದುದಕ್ಕೆ ಕಾರಣವುಂಟು. ಮಣಲೆರನ ಕಾಳಿ ಒಡೆಯನ ಕಾಲಬಳಿ ಓಡಿತು. ನಮ್ಮ ತಾತಂದಿರ ಕಾಲದ ಮಲೆನಾಡಿನ ಮನೆಯ ನಾಯಿ ಜಗಲಿಯ ಮೂಲೆಯಲ್ಲಿ ಬೂದಿಗುಡ್ಡೆಯ ಮೇಲೆ ಮಲಗಿತು. ಆ ಮನೆಗೆ ಬೀಗವೇ ಇರಲಿಲ್ಲವೆಂದರೆ ತಪ್ಪಾಗಲಾರದು. ಒಳಗೆ ಅಜ್ಜಿ, ಹಿತ್ತಿಲಲ್ಲಿ ಸೊಸೆ, ಕೊಟ್ಟಿಗೆಯಲ್ಲಿ ಆಳು, ಅಂಗಳದಲ್ಲಿ ಮಕ್ಕಳು. ಬೇಸರವಾದರೆ ನಾಯಿ ದನಗಳ ಹಿಂದೆ ಗದ್ದೆಗೆ ಹೋಗುತ್ತಿತ್ತು. ಆ ನಾಯಿಗೆ ಒಂಟಿಯಾಗಿರುವುದನ್ನು ಯಾರೂ ಕಲಿಸಲಿಲ್ಲ; ಕಲಿಸಬೇಕಾದ ಪ್ರಸಂಗವೇ ಬರಲಿಲ್ಲ. “ಈಗಿನ ನಾಯಿಗಳಿಗೆ ಮುದ್ದು ಹೆಚ್ಚಾಗಿದೆ, ಆಗಿನವು ಹೀಗೆ ಕೂಗುತ್ತಿರಲಿಲ್ಲ” ಎಂದು ಹಿರಿಯರು ಹೇಳುವುದನ್ನು ಕೇಳುತ್ತೇವೆ. ನಾಯಿ ಬದಲಾಗಿಲ್ಲ ಸ್ವಾಮಿ, ಮನೆ ಬದಲಾಗಿದೆ. ಹತ್ತಾರು ಸಾವಿರ ವರ್ಷಗಳಿಂದ ಗುಂಪಿನಲ್ಲಿ ಬಾಳಿದ ಪ್ರಾಣಿಯನ್ನು ತಂದು ನಾಲ್ಕು ಗೋಡೆಗಳ ನಡುವೆ ನಿಲ್ಲಿಸಿ, ಕಬ್ಬಿಣದ ಗೇಟಿಗೆ ಬೀಗ ಜಡಿದು, “ಸುಮ್ಮನಿರು” ಎಂದರೆ ಅದು ತಿಳಿಯುವ ಬಗೆ ಯಾವುದು?

ಮರಿ ಬಂದಾಗ ರಜೆ ಮುಗಿಯಲು ಹನ್ನೆರಡು ದಿನಗಳು ಉಳಿದಿದ್ದವು. ಸಹೋದ್ಯೋಗಿಯೊಬ್ಬರು, ಮನೆಯಲ್ಲಿ ಮೂರು ನಾಯಿಗಳನ್ನು ಸಾಕಿದವರು, ಧೈರ್ಯ ಹೇಳಿದರು: “ಮೂರು ದಿನ ಕೂಗಲಿ ಬಿಡಿ ಸಾರ್. ನಾಲ್ಕನೆಯ ದಿನ ತಾನಾಗಿಯೇ ಸುಮ್ಮನಾಗುತ್ತೆ. ನೀವು ತಿರುಗಿ ನೋಡಿದಿರೋ, ಕೆಟ್ಟಿತು.” ಈ ಉಪಪತ್ತಿ ನಮಗೆ ಹಿಡಿಸಿತು. ಸರಳವಾಗಿತ್ತು, ಪರೀಕ್ಷೆಗೂ ಒಳಪಡುವಂತಿತ್ತು. ಕೂಗಿಗೆ ಫಲ ದೊರೆಯದಿದ್ದರೆ ಕೂಗು ದಿನದಿನಕ್ಕೆ ಕಡಮೆಯಾಗಬೇಕು. ಹಳೆಯ ಮೊಬೈಲ್ ಫೋನೊಂದನ್ನು ಧ್ವನಿಮುದ್ರಣಕ್ಕೆ ಹಚ್ಚಿ ಕಪಾಟಿನ ಮೇಲಿಟ್ಟು, ಮರಿಯನ್ನು ಒಳಗೆ ಬಿಟ್ಟು, ಬೀಗ ಹಾಕಿ, ಒಂದು ಗಂಟೆಯ ಕಾಲ ಹುಚ್ಚರಾಯಸ್ವಾಮಿಯ ಗುಡಿಯ ಕಡೆಗೆ ಹೋಗಿ ಕುಳಿತೆವು. ಮರಳಿ ಬಂದು ಮುದ್ರಣವನ್ನು ಕೇಳಿ, ಕೂಗಿದ ನಿಮಿಷಗಳನ್ನು ಎಣಿಸಿದೆವು. ಮೊದಲನೆಯ ದಿನ 23 ನಿಮಿಷ. ಎರಡನೆಯ ದಿನ 31. ಮೂರನೆಯ ದಿನ 44. ಅಷ್ಟೇ ಅಲ್ಲ, ಮೂರನೆಯ ದಿನ ನಾವು ಬೀಗದ ಕೈಯನ್ನು ಮೊಳೆಯಿಂದ ತೆಗೆದಾಗಲೇ ಮರಿ ನಡುಗತೊಡಗಿತು. ಮನೆಗೆ ಮರಳಿದಾಗ ಬಾಗಿಲಿನ ಅಡಿಯಲ್ಲಿ ರಕ್ತದ ಗೆರೆಗಳಿದ್ದವು. ಕೆರೆದು ಕೆರೆದು ಉಗುರು ಕಿತ್ತುಹೋಗಿತ್ತು.

ಆ ಸಂಜೆ ಪಕ್ಕದ ಮನೆಯ ಅಜ್ಜಿ ಬೇಲಿಯ ಬಳಿ ನಿಂತು ನಮ್ಮನ್ನು ಕರೆದರು. ಕೂಗಿನ ವಿಷಯವಾಗಿ ದೂರುವರೆಂದು ತಲೆ ತಗ್ಗಿಸಿಕೊಂಡು ಹೋದೆವು. ಅವರು ಕೇಳಿದ್ದೇ ಬೇರೆ. “ಅಲ್ಲ ಮೇಷ್ಟ್ರೇ, ಅಷ್ಟು ಸಣ್ಣ ಮರೀನ ಒಳಗೆ ಹಾಕಿ ಬೀಗ ಜಡ್ದು ಹೋಗ್ತೀರಲ್ಲ, ನೀವು ವಾಪಸ್ ಬರ್ತೀರಿ ಅಂತ ಅದಕ್ಕೆ ಯಾರು ಹೇಳ್ಯಾರೆ?”

ಈ ವಿಷಯದ ಮೇಲೆ ಬಂದಿರುವ ಪ್ರಬಂಧಗಳನ್ನು ಆಮೇಲೆ ನಾವು ಸಾಕಷ್ಟು ಓದಿದೆವು. ಅಜ್ಜಿಯ ಪ್ರಶ್ನೆಗಿಂತ ನೇರವಾದ ಪ್ರಶ್ನೆ ಅವುಗಳಲ್ಲಿ ಇನ್ನೊಂದಿಲ್ಲ.

ನಮ್ಮ ಸಹೋದ್ಯೋಗಿಯ ಉಪಪತ್ತಿ ತಪ್ಪಿದುದೆಲ್ಲಿ? ಅವರು ಕೂಗನ್ನು ಹಠವೆಂದು ಎಣಿಸಿದರು. ನಾವೂ ಹಾಗೆಯೇ ಎಣಿಸಿದೆವು. ಹಠಕ್ಕೆ ಫಲ ಸಿಗದಿದ್ದರೆ ಹಠ ಅಡಗುತ್ತದೆ, ನಿಜ. ಊಟ ಮಾಡುವಾಗ ತಟ್ಟೆಯ ಬಳಿ ಬಂದು ಬೊಗಳುವ ನಾಯಿಗೆ ಯಾರೂ ತುತ್ತು ಹಾಕದಿದ್ದರೆ ಕೆಲವು ದಿನಗಳಲ್ಲಿ ಅದು ಬೊಗಳುವುದನ್ನು ನಿಲ್ಲಿಸುತ್ತದೆ. ಆದರೆ ಒಂಟಿಯಾದ ಮರಿಯ ಕೂಗು ಬೇಡಿಕೆಯ ಕೂಗಲ್ಲ, ಭೀತಿಯ ಕೂಗು. ಭೀತಿಗೆ ಪ್ರತಿಫಲದ ಅವಶ್ಯಕತೆಯಿಲ್ಲ. ಅದು ತನ್ನನ್ನು ತಾನೇ ಉಣ್ಣುತ್ತ ಬೆಳೆಯುತ್ತದೆ.

ಜೀವಿಗಳ ನರಮಂಡಲದಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡು ಬಗೆಯ ಕಲಿಕೆಗಳುಂಟು. ಇದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿಕೊಟ್ಟುದು ನಾಯಿಯಲ್ಲ, ಏಪ್ಲಿಸಿಯ ಎಂಬ ಕಡಲ ಮೃದ್ವಂಗಿ. ನಮ್ಮ ತೋಟದ ಬಸವನಹುಳುವಿನ ದೂರದ ಬಂಧು ಇದು. ಅದರ ಮೈಮೇಲಿನ ನಳಿಗೆಯನ್ನು ಮೆಲ್ಲನೆ ಮುಟ್ಟಿದರೆ ಅದು ತನ್ನ ಕಿವಿರನ್ನು ಒಳಗೆ ಎಳೆದುಕೊಳ್ಳುತ್ತದೆ. ಮತ್ತೆ ಮತ್ತೆ ಮೆಲ್ಲನೆ ಮುಟ್ಟುತ್ತ ಹೋದರೆ ಎಳೆದುಕೊಳ್ಳುವುದು ಕ್ರಮೇಣ ಕಡಮೆಯಾಗುತ್ತದೆ. “ಇದರಿಂದ ಅಪಾಯವಿಲ್ಲ” ಎಂಬುದನ್ನು ಅದು ಕಲಿತಂತಾಯಿತು. ಇದನ್ನು ರೂಢಿಯಾಗುವಿಕೆ ಎನ್ನಬಹುದು. ಆದರೆ ಅದೇ ಪ್ರಾಣಿಯ ಬಾಲಕ್ಕೆ ಒಮ್ಮೆ ಬಲವಾದ ವಿದ್ಯುದಾಘಾತ ಕೊಟ್ಟರೆ, ಆಮೇಲೆ ನಳಿಗೆಯನ್ನು ಹಗುರವಾಗಿ ಮುಟ್ಟಿದರೂ ಸಾಕು, ಮೊದಲಿಗಿಂತ ಜೋರಾಗಿ ಕಿವಿರನ್ನು ಎಳೆದುಕೊಳ್ಳುತ್ತದೆ. ಇದು ಸಂವೇದನೆಯ ಕೆರಳುವಿಕೆ. ಈ ಎರಡೂ ಕ್ರಿಯೆಗಳಲ್ಲಿ ನರಕೋಶಗಳ ನಡುವಣ ಸಂಧಿಗಳಲ್ಲಿ ಆಗುವ ಮಾರ್ಪಾಡುಗಳನ್ನು ಬಿಡಿಸಿ ತೋರಿಸಿದ ಎರಿಕ್ ಕ್ಯಾಂಡೆಲ್ ಅವರಿಗೆ 2000ದ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಸ್ಥೂಲವಾಗಿ ಹೇಳುವುದಾದರೆ, ಪ್ರಚೋದನೆ ದುರ್ಬಲವಾಗಿದ್ದು ಪುನರಾವರ್ತನೆಯಾದರೆ ಜೀವಿ ರೂಢಿಗೊಳ್ಳುತ್ತದೆ. ಪ್ರಬಲವಾಗಿದ್ದು ಪುನರಾವರ್ತನೆಯಾದರೆ ಕೆರಳುತ್ತದೆ.

ಎರಡು ತಿಂಗಳ ಮರಿಗೆ ಒಂದು ಗಂಟೆಯ ಏಕಾಂತ ಮೆಲ್ಲನೆಯ ಮುಟ್ಟುವಿಕೆಯಲ್ಲ, ಬಾಲಕ್ಕೆ ಕೊಟ್ಟ ಆಘಾತ. 23, 31, 44 ಎಂಬ ನಮ್ಮ ಅಂಕಿಗಳು ಹೇಳುತ್ತಿದ್ದುದು ಇದನ್ನೇ. ಒಂದೇ ಮರಿಯ ಮೂರು ದಿನದ ಅಳತೆಯಿಂದ ನಿಯಮವನ್ನು ಸ್ಥಾಪಿಸಲಾಗದೆಂಬುದನ್ನು ನಾವು ಬಲ್ಲೆವು. ಆದರೆ ಒಂದು ಉಪಪತ್ತಿಯನ್ನು ಸಂದೇಹಿಸುವುದಕ್ಕೆ, ಅದರಲ್ಲಿಯೂ ರಕ್ತ ಕಂಡ ಮೇಲೆ, ಅಷ್ಟು ಸಾಕು.

ಈ ಭೀತಿ ನಾಯಿಯ ದೌರ್ಬಲ್ಯವಲ್ಲ. ಮರಿಯ ಆತ್ಮರಕ್ಷಣೆಯ ಸಾಧನ. ಬೀಡಿನಲ್ಲಿ ಬಿಟ್ಟ ಮರಿ ಕೂಗಿದರೆ ತಾಯಿ ಬರುತ್ತಾಳೆ. ಕೂಗದ ಮರಿಯನ್ನು ತಾಯಿ ಹುಡುಕುವುದು ಕಷ್ಟ. ಅಮೆರಿಕದ ಬಾರ್ ಹಾರ್ಬರಿನ ಪ್ರಯೋಗಶಾಲೆಯಲ್ಲಿ ನಾಯಿಮರಿಗಳನ್ನು ವರ್ಷಾನುಗಟ್ಟಲೆ ಗಮನಿಸಿದ ಜಾನ್ ಪಾಲ್ ಸ್ಕಾಟ್ ಮತ್ತು ಅವರ ಸಂಗಡಿಗರು 1961ರಲ್ಲಿಯೇ ಇದನ್ನು ಅಳೆದು ನೋಡಿದ್ದರು. ಒಂಟಿಯಾದ ಮರಿ ಪರಿಚಿತ ಸ್ಥಳದಲ್ಲಿ ಕೂಗುವುದಕ್ಕಿಂತ ಅಪರಿಚಿತ ಸ್ಥಳದಲ್ಲಿ ಹೆಚ್ಚು ಕೂಗುತ್ತದೆಂಬುದು ಅವರಿಗೆ ಕಂಡುಬಂದಿತು. ಬಂದು ಮೂರು ದಿನವಾದ ಮನೆ ಮರಿಯ ಪಾಲಿಗೆ ಅಪರಿಚಿತ ಸ್ಥಳವೇ. ಇನ್ನು ಒಡೆಯನಾದರೋ ತಾಯಿಯ ಸ್ಥಾನದಲ್ಲಿ ನಿಂತಿರುತ್ತಾನೆ. ಇದು ಅಲಂಕಾರದ ಮಾತಲ್ಲ. ಮನುಷ್ಯರ ಶಿಶುಗಳು ತಾಯಿಯನ್ನು ನೆಚ್ಚಿರುವ ಬಗೆಯನ್ನು ಅರಿಯಲು ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಒಂದು ಪರೀಕ್ಷೆಯನ್ನು ರೂಪಿಸಿದ್ದರು. ಹೊಸ ಕೋಣೆಯೊಂದರಲ್ಲಿ ತಾಯಿ ಹೊರಹೋಗುವುದು, ಅಪರಿಚಿತರೊಬ್ಬರು ಬರುವುದು, ತಾಯಿ ಮರಳುವುದು. ಈ ಹೊತ್ತಿನಲ್ಲೆಲ್ಲ ಶಿಶು ಏನು ಮಾಡುತ್ತದೆಂದು ನೋಡುವುದು. ಬುಡಾಪೆಸ್ಟಿನ ವಿಜ್ಞಾನಿಗಳು 1998ರಲ್ಲಿ ಇದೇ ಪರೀಕ್ಷೆಯನ್ನು 51 ನಾಯಿಗಳಿಗೆ ಒಡ್ಡಿದರು. ಒಡೆಯ ಇರುವಾಗ ನಾಯಿ ಆಡಿತು, ಮೂಸಿತು, ಸುತ್ತಿತು. ಅವನು ಹೋದಾಗ ಬಾಗಿಲ ಬಳಿ ನಿಂತಿತು. ಶಿಶುವಿನ ನಡತೆಗೂ ಇದಕ್ಕೂ ನಿಕಟ ಸಾಮ್ಯವಿತ್ತು. ನಮ್ಮ ಬೀದಿನಾಯಿಗಳೇನು ಇದಕ್ಕೆ ಹೊರತೆ? ಅಲ್ಲ. ಕಲ್ಕತ್ತೆಯ ತಂಡವೇ 2017ರಲ್ಲಿ ವರದಿ ಮಾಡಿದಂತೆ, ಅಪರಿಚಿತರೊಬ್ಬರು ಹಲವು ಸಾರಿ ಬಂದಾಗ ಬೀದಿನಾಯಿಗಳ ವಿಶ್ವಾಸವನ್ನು ಗಳಿಸಿಕೊಟ್ಟುದು ಆಹಾರಕ್ಕಿಂತ ಹೆಚ್ಚಾಗಿ ತಲೆ ನೇವರಿಸಿದ ಕೈ. ಜಾತಿನಾಯಿಗಳಿಗೆ ಮಾತ್ರ ಮನಸ್ಸಿದೆ, ನಾಟಿನಾಯಿಗೆ ಹೊಟ್ಟೆ ಮಾತ್ರ ಇದೆ ಎಂದು ತಿಳಿದವರು ಇದನ್ನು ಗಮನಿಸಬೇಕು.

ಇನ್ನು ಕಲಿಸುವ ಬಗೆ. ಉಳಿದ ಒಂಬತ್ತು ದಿನಗಳಲ್ಲಿ ನಾವು ಕೈಗೊಂಡ ಕ್ರಮಕ್ಕೆ ಪಶುವೈದ್ಯರೂ ನಡತೆಯ ಶಾಸ್ತ್ರಜ್ಞರೂ ಹೇಳಿರುವುದೇ ಆಧಾರ. ಆದರೆ ನಮಗೆ ಅದು ಅರ್ಥವಾದುದು ನಮ್ಮ ಪ್ರಯೋಗಶಾಲೆಯ ಭಾಷೆಯಲ್ಲಿ. ತಂತಿಯ ಯಂಗ್ ಗುಣಾಂಕವನ್ನು ಕಂಡುಹಿಡಿಯುವ ಪ್ರಯೋಗವನ್ನು ಕಾಲೇಜಿನಲ್ಲಿ ಓದಿದವರೆಲ್ಲರೂ ಮಾಡಿರುತ್ತಾರೆ. ತಂತಿಗೆ ಅರ್ಧ ಅರ್ಧ ಕಿಲೋಗ್ರಾಂ ತೂಕವನ್ನು ಸೇರಿಸುತ್ತ ಹೋಗಿ ಅದು ಹಿಗ್ಗಿದ ಪ್ರಮಾಣವನ್ನು ಬರೆದುಕೊಳ್ಳಬೇಕು; ಆಮೇಲೆ ಒಂದೊಂದಾಗಿ ತೆಗೆಯುತ್ತಲೂ ಬರೆದುಕೊಳ್ಳಬೇಕು. ಸ್ಥಿತಿಸ್ಥಾಪಕತೆಯ ಮಿತಿಯೊಳಗಿದ್ದರೆ ತಂತಿ ಮೊದಲಿನ ಉದ್ದಕ್ಕೆ ಮರಳುತ್ತದೆ. ಮಿತಿ ಮೀರಿ ಭಾರ ಹಾಕಿದಿರೋ, ಭಾರ ತೆಗೆದ ಮೇಲೂ ಅದು ಹಿಗ್ಗಿಯೇ ಉಳಿಯುತ್ತದೆ. ಪ್ರತಿವರ್ಷ ಅವಸರದ ವಿದ್ಯಾರ್ಥಿಯೊಬ್ಬನು ಎಲ್ಲ ತೂಕಗಳನ್ನೂ ಒಮ್ಮೆಗೇ ನೇತುಹಾಕಿ ತಂತಿಯನ್ನು ಕೆಡಿಸುತ್ತಾನೆ. ಮೊದಲ ಮೂರು ದಿನ ನಾವು ಆ ವಿದ್ಯಾರ್ಥಿಯಾಗಿದ್ದೆವು. (ಉಪಮೆ ಪೂರ್ತಿ ಹೊಂದುವುದಿಲ್ಲವೆಂಬುದನ್ನೂ ಹೇಳಿಬಿಡಬೇಕು. ಮಿತಿಯೊಳಗೆ ಎಷ್ಟು ಸಾರಿ ಭಾರ ಹಾಕಿದರೂ ತಂತಿಯ ಮಿತಿ ಹೆಚ್ಚುವುದಿಲ್ಲ; ಮರಿಯ ಮಿತಿ ಹೆಚ್ಚುತ್ತದೆ. ಕಲಿಕೆಯೆಂಬುದು ಅದೇ.)

ಮೊದಲು ಬೀಗದ ಕೈಯ ಅರ್ಥವನ್ನು ಅಳಿಸಬೇಕಾಯಿತು. ರಷ್ಯದ ಪಾವ್ಲೊವನ ನಾಯಿಗಳಿಗೆ, ಆಹಾರದೊಡನೆ ಮತ್ತೆ ಮತ್ತೆ ಜೊತೆಗೂಡಿ ಬಂದ ಸಂಜ್ಞೆಯೇ ಬಾಯಲ್ಲಿ ನೀರೂರಿಸುವಂತಾದುದನ್ನು ವಾಚಕರು ಬಲ್ಲರು. ನಮ್ಮ ಮನೆಯಲ್ಲಿ ಕೀಲಿಯ ಸದ್ದು, ಪ್ಯಾಂಟು ತೊಡುವುದು, ಹೆಗಲಿಗೆ ಚೀಲ, ಇವು ಆ ಸ್ಥಾನದಲ್ಲಿದ್ದವು. ವ್ಯತ್ಯಾಸವೆಂದರೆ ಅವು ಊರಿಸಿದ್ದು ಭಯವನ್ನು. ಆದಕಾರಣ ದಿನಕ್ಕೆ ಇಪ್ಪತ್ತು ಸಲ ಕೀಲಿಯನ್ನು ಕೈಗೆತ್ತಿಕೊಂಡು ಸುಮ್ಮನೆ ಕುಳಿತು ಪತ್ರಿಕೆ ಓದಿದೆವು. ಚೀಲ ಹೆಗಲಿಗೇರಿಸಿ ಅಡಿಗೆಮನೆಗೆ ಹೋಗಿ ನೀರು ಕುಡಿದು ಬಂದೆವು. ಮನೆಗೆ ಬಂದಿದ್ದ ಬಂಧುವೊಬ್ಬರು ನಮ್ಮ ಆರೋಗ್ಯವನ್ನು ಕುರಿತು ಪತ್ನಿಯನ್ನು ಗುಟ್ಟಾಗಿ ವಿಚಾರಿಸಿದರಂತೆ. ಎರಡು ದಿನಗಳಲ್ಲಿ ಕೀಲಿ ಅರ್ಥಹೀನವಾಯಿತು. ಮರಿ ತಲೆಯೆತ್ತಿ ನೋಡುವುದನ್ನೂ ಬಿಟ್ಟಿತು.

ಅನಂತರ ಬಾಗಿಲು. ಮೊದಲು ಒಳಬಾಗಿಲು ಮಾತ್ರ: ಮುಚ್ಚುವುದು, ಐದು ಎಣಿಸುವುದು, ತೆರೆಯುವುದು. ಮರಿ ಕೂಗಲು ಆರಂಭಿಸುವ ಮೊದಲೇ ತೆರೆಯಬೇಕು. ಇಡೀ ವಿದ್ಯೆಯ ಗುಟ್ಟು ಇಲ್ಲಿದೆ. ಐದರಿಂದ ಹತ್ತು, ಹತ್ತರಿಂದ ಮೂವತ್ತು, ಮತ್ತೆ ಹತ್ತು, ಆಮೇಲೆ ಒಂದು ನಿಮಿಷ. ಏರುತ್ತಲೇ ಹೋಗಬಾರದು, ಇಳಿಯಬೇಕು. ಏರುತ್ತಲೇ ಹೋದರೆ ಪ್ರತಿ ಸಲವೂ ಮುಂದಿನದು ಇನ್ನೂ ಕಠಿನವೆಂಬುದನ್ನು ಮರಿ ಕಲಿಯುತ್ತದೆ. ಹೋಗುವಾಗ ಬೀಳ್ಕೊಡುಗೆಯ ಮಾತಿಲ್ಲ, ಬಂದಾಗ ಸಂಭ್ರಮವಿಲ್ಲ. ನಾಲ್ಕನೆಯ ದಿನ ಹೊರಬಾಗಿಲು, ಬೀಗ, ಗೇಟಿನ ಸದ್ದು. ಕೂಗು ಬಂದರೆ ತಪ್ಪು ಮರಿಯದಲ್ಲ, ಭಾರ ಹಾಕಿದವರದು. ಹಿಂದಿನ ಹಂತಕ್ಕೆ ಇಳಿಯಬೇಕು. ಒಂಬತ್ತನೆಯ ದಿನದ ಕೊನೆಗೆ ನಲವತ್ತು ನಿಮಿಷಗಳನ್ನು ಮರಿ ಮೌನವಾಗಿ ಕಳೆಯಿತು. ಕುತೂಹಲದ ಸಂಗತಿಯೆಂದರೆ, ಹತ್ತು ಸೆಕೆಂಡಿನಿಂದ ಐದು ನಿಮಿಷಕ್ಕೆ ಬರಲು ಹಿಡಿದಷ್ಟು ಕಾಲ ಐದು ನಿಮಿಷದಿಂದ ನಲವತ್ತಕ್ಕೆ ಬರಲು ಹಿಡಿಯಲಿಲ್ಲ. ಭೀತಿ ಮೊದಲ ನಿಮಿಷಗಳಲ್ಲಿಯೇ ತುದಿಗೇರುತ್ತದೆ. ಅದನ್ನು ದಾಟಿದ ಮರಿ ನಿದ್ರೆಗೆ ಜಾರುತ್ತದೆ. ಈ ವಯಸ್ಸಿನ ಮರಿಗೆ ದಿನದ ಬಹುಭಾಗ ನಿದ್ರೆಯೇ ಬೇಕು.

ಹೋಗುವ ಹೊತ್ತಿಗೆ ಏನಾದರೊಂದು ಕೆಲಸ ಕೊಟ್ಟುಹೋಗುವುದು ಲೇಸು. ಪೇಟೆಯಲ್ಲಿ ಇದಕ್ಕೆಂದೇ ಬೆಲೆಯ ಆಟಿಕೆಗಳಿವೆ. ನಾವು ಒಂದು ಗೋಣಿಚೀಲದ ಮಡಿಕೆಗಳಲ್ಲಿ ಒಣರೊಟ್ಟಿಯ ಚೂರುಗಳನ್ನು ಅಡಗಿಸಿಟ್ಟೆವು. ಮೂಸಿ ಮೂಸಿ ಹುಡುಕುವುದರಲ್ಲಿ ಕಾಲು ಗಂಟೆ ಕಳೆಯುತ್ತದೆ. ಆ ಕಾಲು ಗಂಟೆಯೇ ಅಪಾಯದ ಕಾಲು ಗಂಟೆ.

ಇದಕ್ಕೆ ವಿರುದ್ಧವಾದ ತಪ್ಪನ್ನು ಕುರಿತು ಒಂದು ಮಾತು. ಮರಿ ಕೂಗಿದೊಡನೆ ಒಮ್ಮೆ ಓಡಿಬಂದು, ಒಮ್ಮೆ ಬಾರದೆ, ಮತ್ತೊಮ್ಮೆ ಕಿಟಕಿಯಿಂದ ಗದರಿಸಿ ಹೋಗುವುದನ್ನು ನಾವು ಕಂಡಿದ್ದೇವೆ. ಯಾವಾಗಲೋ ಒಮ್ಮೆ ಸಿಗುವ ಫಲ ಪ್ರತಿಸಲ ಸಿಗುವ ಫಲಕ್ಕಿಂತ ಅಭ್ಯಾಸವನ್ನು ಗಟ್ಟಿಗೊಳಿಸುತ್ತದೆಂಬುದನ್ನು ಅಮೆರಿಕದ ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗಿಸಿ ತೋರಿಸಿದ್ದಾರೆ. ಜೂಜುಗಾರನು ಜೂಜನ್ನು ಬಿಡಲಾರದುದೂ ಇದರಿಂದಲೇ. ಹೀಗೆ ನಡೆಸಿಕೊಂಡ ಮರಿಯಲ್ಲಿ ಭೀತಿಯ ಜೊತೆಗೆ ಹಠವೂ ಸೇರಿಕೊಳ್ಳುತ್ತದೆ. ಆಮೇಲೆ ಎರಡನ್ನೂ ಬೇರ್ಪಡಿಸುವುದು ಬಲ್ಲವರಿಗೂ ಕಷ್ಟ.

ಬೊಗಳಿದೊಡನೆ ಕೊರಳಿಗೆ ವಿದ್ಯುದಾಘಾತ ಕೊಡುವ ಪಟ್ಟಿಗಳು ಈಗ ಮನೆಬಾಗಿಲಿಗೇ ಬಂದು ಬೀಳುತ್ತವೆ. ಭೌತಶಾಸ್ತ್ರದವರೆಂಬ ಕಾರಣಕ್ಕೆ ನಮ್ಮ ಅಭಿಪ್ರಾಯವನ್ನು ಕೇಳಿದವರೂ ಉಂಟು. ಮಂಡಲದ ರಚನೆ ಚೆನ್ನಾಗಿಯೇ ಇದೆ. ಆದರೆ ಏಪ್ಲಿಸಿಯದ ಬಾಲಕ್ಕೆ ಕೊಟ್ಟ ಆಘಾತ ಏನು ಮಾಡಿತೆಂಬುದನ್ನು ಮೇಲೆ ಹೇಳಿದ್ದೇವೆ. ಭಯದಿಂದ ಕೂಗುವ ಪ್ರಾಣಿಗೆ ಕೂಗಿದ್ದಕ್ಕಾಗಿ ನೋವು ಕೊಟ್ಟರೆ ಕೂಗು ನಿಂತೀತು, ಭಯ ನಿಲ್ಲದು. ಅದು ಉಗುರಿಗೋ ಹಲ್ಲಿಗೋ ಇಳಿಯುತ್ತದೆ. ಇದನ್ನು ಶಿಕ್ಷಣವೆಂದು ಕರೆಯಲು ನಮ್ಮ ನಾಲಗೆ ಏಳುವುದಿಲ್ಲ.

ಈಗ ಕಹಿಯಾದ ಮಾತಿಗೆ ಬರುತ್ತೇವೆ. ಒಂಬತ್ತು ದಿನಗಳ ಸಾಧನೆ ನಲವತ್ತು ನಿಮಿಷ. ನಮಗೆ ಬೇಕಾಗಿದ್ದುದು ಎಂಟು ಗಂಟೆ. ಯಾವ ಕ್ರಮದಿಂದಲೂ, ಯಾವ ಪಂಡಿತನಿಂದಲೂ ಮೂರು ತಿಂಗಳ ಮರಿಯನ್ನು ಎಂಟು ಗಂಟೆ ಒಂಟಿಯಾಗಿರುವಂತೆ ಮಾಡಲು ಬಾರದು. ಮನಸ್ಸು ಒಪ್ಪಿದರೂ ಮೂತ್ರಕೋಶ ಒಪ್ಪುವುದಿಲ್ಲ. ಆ ವಯಸ್ಸಿನಲ್ಲಿ ಅದರ ತಡೆ ಎರಡು ಮೂರು ಗಂಟೆಗಳದ್ದು. ಊಟವೂ ದಿನಕ್ಕೆ ಮೂರು ನಾಲ್ಕು ಸಲ ಬೇಕು. ನಡತೆಯನ್ನು ತಿದ್ದುವ ಪುಸ್ತಕಗಳು ಇದನ್ನು ಸಣ್ಣ ಅಕ್ಷರದಲ್ಲಿ ಹೇಳುತ್ತವೆ. ದೊಡ್ಡ ಅಕ್ಷರದಲ್ಲಿ ಹೇಳಬೇಕಾದ ಸಂಗತಿ ಇದು. ಬೀಗ ಹಾಕುವ ಮನೆಯವರು ಮರಿಯನ್ನು ತರುವ ಮುನ್ನ ಕೇಳಿಕೊಳ್ಳಬೇಕಾದುದು “ಯಾವ ಜಾತಿ?” ಎಂಬುದನ್ನಲ್ಲ, “ನಡುಹಗಲಿನಲ್ಲಿ ಬಾಗಿಲು ತೆಗೆಯುವವರು ಯಾರು?” ಎಂಬುದನ್ನು. ಈ ಪ್ರಶ್ನೆಗೆ ಉತ್ತರವಿಲ್ಲದವರು ಬೆಳೆದ ನಾಯಿಯೊಂದನ್ನು ತರಬಹುದು, ಇಲ್ಲವೆ ತರದೆ ಇರಬಹುದು. ಮೊದಲ ಎರಡು ಮೂರು ವಾರಗಳ ಬಿಡುವಾದರೂ ಇಲ್ಲದವರು ಮರಿಯ ಆಸೆಯನ್ನು ಬಿಡುವುದೇ ಧರ್ಮವೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ಇದನ್ನು ಕೇಳಿ ಕೆಲವು ಮಿತ್ರರಿಗೆ ಬೇಸರವಾಗಿದೆ.

“ಹಾಗಿದ್ದರೆ ಹೊರಗೆ ಬಿಟ್ಟುಬಿಡಿ, ನಾಯಿ ತಾನೇ” ಎನ್ನುವವರಿಗೆ ಬೀದಿಯ ಮರಿಗಳ ಲೆಕ್ಕವನ್ನು ಈಗಾಗಲೇ ಹೇಳಿದ್ದೇವೆ. ನಮ್ಮ ಸೀಮೆಯವರು ಇನ್ನೊಂದನ್ನೂ ನೆನೆಯಬೇಕು. 1957ರಲ್ಲಿ ಮಂಗಗಳು ಸತ್ತುಬಿದ್ದು, ಜನರೂ ಜ್ವರ ಹತ್ತಿ ಸತ್ತ ಮಂಗನ ಕಾಯಿಲೆ ಮೊದಲು ಗುರುತಾದುದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಲೋಕದ ವೈದ್ಯಗ್ರಂಥಗಳಲ್ಲೆಲ್ಲ ಆ ಸಣ್ಣ ಊರಿನ ಹೆಸರಿದೆ. ಅದನ್ನು ಹರಡುವುದು ಉಣುಗು. ಕಾಡಂಚಿನಲ್ಲಿ ದಿನವಿಡೀ ಅಲೆದ ನಾಯಿ ಮೈಮೇಲೆ ಉಣುಗುಗಳನ್ನು ಹೊತ್ತು ಮನೆಯೊಳಕ್ಕೆ ತರಬಲ್ಲದು. ಇನ್ನು ಸರಪಳಿ: ಅದು ಏಕಾಂತವನ್ನು ಕಡಮೆ ಮಾಡುವುದಿಲ್ಲ, ಓಡಿಹೋಗುವ ದಾರಿಯನ್ನು ಮಾತ್ರ ಮುಚ್ಚುತ್ತದೆ.

ನಮ್ಮ ಪ್ರಶ್ನೆಗೆ ಉತ್ತರ ದೊರೆತುದು ಬೇಲಿಯ ಆಚೆಯಲ್ಲಿ. ಅಜ್ಜಿಯ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಅವರೂ ಹಗಲೆಲ್ಲ ಒಬ್ಬರೇ. ಕೇಳಲು ನಮಗೆ ಸಂಕೋಚವಿತ್ತು. ಕೇಳಿದಾಗ ಅವರು, “ಅದಕ್ಕೇನಂತೆ, ಕೀಲಿ ಕೊಟ್ಟು ಹೋಗ್ರಿ” ಎಂದರು. ಹನ್ನೊಂದು ಗಂಟೆಗೂ ಎರಡು ಗಂಟೆಗೂ ಅವರು ಬಾಗಿಲು ತೆರೆದು ಮರಿಯನ್ನು ಹಿತ್ತಿಲಿಗೆ ಬಿಟ್ಟು, ಮಧ್ಯಾಹ್ನದ ಅನ್ನ ಹಾಕಿ, ಒಂದಷ್ಟು ಹೊತ್ತು ನಮ್ಮ ಜಗಲಿಯಲ್ಲಿಯೇ ಕುಳಿತು ಅಡಿಕೆ ಕತ್ತರಿಸುತ್ತಾರೆ. ಹೀಗೆ ಎಂಟು ಗಂಟೆಗಳು ಎರಡು ಮೂರು ಗಂಟೆಗಳ ಮೂರು ತುಂಡುಗಳಾದವು. ಆ ತುಂಡುಗಳನ್ನು ತುಂಬಲು ನಾವು ಕಲಿಸಿದ ಪಾಠ ಸಾಕಾಯಿತು. ಅದೂ ಕೂಡಲೆ ಅಲ್ಲ, ಕಾಲೇಜು ಆರಂಭವಾದ ಮೇಲೆ ಒಂದು ತಿಂಗಳು ಹಿಡಿಯಿತು. ಆ ತಿಂಗಳಲ್ಲಿ ನಮ್ಮಿಬ್ಬರ ಸಾಂದರ್ಭಿಕ ರಜೆಗಳು ಬಹುಪಾಲು ಖರ್ಚಾದವು.

ಬೆಳೆದ ನಾಯಿಗಾದರೂ ಒಡೆಯನು ಇಲ್ಲದ ಹೊತ್ತು ಎಷ್ಟೆಂಬುದು ತಿಳಿಯದಿರುವುದಿಲ್ಲ. ಸ್ವೀಡನ್ನಿನಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನಾಯಿಗಳನ್ನು ಅರ್ಧ ಗಂಟೆ, ಎರಡು ಗಂಟೆ, ನಾಲ್ಕು ಗಂಟೆ ಮನೆಯಲ್ಲಿ ಒಂಟಿಯಾಗಿ ಬಿಟ್ಟು ನೋಡಿದರು. ಅರ್ಧ ಗಂಟೆಯ ಅನಂತರದ ಸ್ವಾಗತಕ್ಕಿಂತ ಎರಡು ಗಂಟೆಯ ಅನಂತರದ ಸ್ವಾಗತ ಜೋರಾಗಿತ್ತು. ಎರಡಕ್ಕೂ ನಾಲ್ಕಕ್ಕೂ ಹೆಚ್ಚಿನ ಭೇದ ಕಾಣಲಿಲ್ಲ. ಒಂಟಿಯಾಗಿರುವಾಗ ಅವು ಮಾಡಿದ್ದು ಮುಖ್ಯವಾಗಿ ಮಲಗಿದ್ದು. ಆ ನಾಯಿಗಳೆಲ್ಲ ಒಂಟಿತನಕ್ಕೆ ಒಗ್ಗಿದ್ದವು ಎಂಬುದನ್ನು ಮರೆಯಬಾರದು.

ಕಾಳಿಗೆ ಈಗ ಐದು ತಿಂಗಳು. ಹಳೆಯ ಫೋನು ಇನ್ನೂ ಕಪಾಟಿನ ಮೇಲಿದೆ. ವಾರಕ್ಕೊಮ್ಮೆ ಅದನ್ನು ಕೇಳುವುದು ರೂಢಿಯಾಗಿಬಿಟ್ಟಿದೆ. ಕಳೆದ ಗುರುವಾರ ನಮ್ಮ ಬಸ್ಸು ಶಿರಾಳಕೊಪ್ಪದ ಬಳಿ ಮಳೆಯಲ್ಲಿ ಕೆಟ್ಟುನಿಂತಿತು. ಪತ್ನಿಯೂ ಅಂದು ಶಾಲೆಯ ಸಭೆಯಿಂದ ತಡವಾಗಿ ಹೊರಟಿದ್ದರು. ಇಬ್ಬರೂ ಮನೆ ಸೇರುವಾಗ ಏಳು ಗಂಟೆ. ಊರಿನಲ್ಲಿ ವಿದ್ಯುತ್ತೂ ಇರಲಿಲ್ಲ. ಬಾಗಿಲು ತೆರೆದಾಗ ಕಾಳಿ ಬಾಲವಾಡಿಸಿ ಮೈಮೇಲೆ ಹಾರಿತು, ಅಷ್ಟೇ. ರಾತ್ರಿ ದೀಪ ಬಂದ ಮೇಲೆ ಧ್ವನಿಮುದ್ರಣವನ್ನು ಕೇಳಿದೆವು. ಐದು ಗಂಟೆ ಮೀರಿದ ಮೇಲೆ ಕಾಳಿ ಎದ್ದು ಬಾಗಿಲ ತನಕ ಹೋದ ಉಗುರಿನ ಸದ್ದು. ಗುಡುಗು. ನಾಲ್ಕು ನಿಮಿಷದ ಕೂಗು. ಅನಂತರ ಕಿಟಕಿಯ ಹೊರಗಿನಿಂದ ಅಜ್ಜಿಯ ದನಿ: “ಬರ್ತಾರೆ ಬಿಡೇ, ಬಸ್ ತಡ ಆಗಿರಬೇಕು.” ಆಮೇಲೆ ಗೋಣಿಚೀಲವನ್ನು ಎಳೆದಾಡಿದ ಸದ್ದು, ಮತ್ತೆ ಬಹಳ ಹೊತ್ತು ಹೆಂಚಿನ ಮೇಲೆ ಮಳೆ.